ಎರಡು ಬೆರಳಿನ ಸಂದು

ಕುರುಗೋಡಿನಲ್ಲಿ ಗೋಡೆ ಕಟ್ಟುವವರಿಗೆ ಬರವಿರಲಿಲ್ಲ. ಗುಡ್ಡದಲ್ಲಿ ಕಲ್ಲು, ಕೇರಿಯಲ್ಲಿ ಕೈ, ಎರಡೂ ಬೇಕಾದಷ್ಟಿದ್ದವು. ಆದರೆ ಕಟ್ಟುವ ಗೋಡೆಯಲ್ಲಿ ಬೇಕಂತಲೇ ಸೀಳು ಬಿಡುವ ಮೇಸ್ತ್ರಿ ಎಂದರೆ ಉಚ್ಚೆಂಗೆಪ್ಪ ಒಬ್ಬನೇ. ಮನೆಯ ಗಿಡ್ಡ ಗೋಡೆಗಲ್ಲ. ಗೋದಾಮಿನದೋ ಕಾಂಪೌಂಡಿನದೋ ಉದ್ದನೆಯ ಗೋಡೆಯಾದರೆ ನಡುನಡುವೆ, ಬುನಾದಿಯ ಮೇಲಿನಿಂದ ನೆತ್ತಿಯ ತನಕ, ಎರಡು ಬೆರಳು ಹಿಡಿಯುವಷ್ಟು ಸಂದು ಬಿಟ್ಟೇ ಮುಂದಕ್ಕೆ ಕಟ್ಟುತ್ತಿದ್ದ. ಆಮೇಲೆ ಆ ಸಂದಿಗೆ ಕೆಮ್ಮಣ್ಣು, ಕೊಚ್ಚಿದ ಹುಲ್ಲು, ಬೇವಿನೆಲೆ ಅರೆದ ನೀರು ಕಲಸಿ, ಕಾಲಿನಿಂದ ತುಳಿದು ಹದ ಮಾಡಿ ತುಂಬುತ್ತಿದ್ದ. ಮಣ್ಣು ಮೆತ್ತಗಿರಬೇಕು, ಗೋಡೆ ಒತ್ತಿದರೆ ಅದು ಸರಿಯಬೇಕು ಅನ್ನುವುದು ಅವನ ಕಟ್ಟಳೆ. ಬೇವು ಚೇಳು ಜರಿ ಸೇರದಿರಲೆಂದು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕೂಲಿಗೆ ನಿಂತಾಗ ಜೊತೆಯ ಮೇಸ್ತ್ರಿ ಅಯ್ಯಣ್ಣ ಅವನನ್ನು ಕೆಣಕದೆ ಬಿಟ್ಟವನಲ್ಲ.

"ಏನಪಾ ಉಚ್ಚೆಂಗೆಪ್ಪ, ಮಂದಿ ಬಿರುಕು ಬಿಟ್ಟ ಮ್ಯಾಲ ಮೇಸ್ತ್ರೀನ ಕರೀತಾರ. ನೀ ಬಿರುಕಿನ ಸಮೇತ ಕಟ್ಟಿ ಕೊಡ್ತಿ. ಮುಂದಿನ ವರ್ಷದ ಕೆಲಸ ಈಗ ಗಂಟು ಹಾಕ್ಕೊಂಡಂಗಾತು ಬಿಡು."

"ಅಯ್ಯಣ್ಣಾ, ನೀ ಮದಿವಿ ಮನ್ಯಾಗ ಉಂಡ ಮ್ಯಾಲ ನಡಾ ಸಡ್ಲ ಮಾಡ್ಕೊಂತಿ ಇಲ್ಲೊ?"

"ಮಾಡ್ಕೊಂತೀನಿ. ಉಂಡಾಂವ ಮಾಡ್ಕೊಳ್ಳದೆ ಏನು ಮಾಡ್ತಾನ?"

"ಗ್ವಾಡಿನೂ ಉಣ್ತೈತಿ. ಬಳ್ಳಾರಿ ಬಿಸಲು ಉಣ್ತೈತಿ. ಅದಕ್ಕೂ ಸಡ್ಲ ಬೇಕು."

ಇದನ್ನು ಅವನಿಗೆ ಯಾವ ಗುರುವೂ ಕಿವಿಯಲ್ಲಿ ಊದಿರಲಿಲ್ಲ. ಹರೆಯದಲ್ಲಿ ಕಮ್ಮಾರನ ಸಾಲೆಯ ಮುಂದೆ ಕೂತು, ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನೋಡಿದ್ದ. ತಣ್ಣಗಿದ್ದಾಗ ಒಲ್ಲೆನೆನ್ನುವ ಪಟ್ಟಿ ಬೆಂಕಿ ತಿಂದ ಮೇಲೆ ಹಿಗ್ಗಿ ಗಾಲಿಯ ಮೇಲೆ ಕೂರುತ್ತಿತ್ತು. ನೀರು ಬಿದ್ದೊಡನೆ ಕುಗ್ಗಿ ಕಟ್ಟಿಗೆಯನ್ನು ಕಚ್ಚಿ ಹಿಡಿಯುತ್ತಿತ್ತು. ಕಬ್ಬಿಣ ಹಿಗ್ಗಿದರೆ ಕಲ್ಲು ಹಿಗ್ಗದೇ, ಇಟ್ಟಿಗೆ ಹಿಗ್ಗದೇ ಎಂಬ ಹುಳ ಅಂದು ಅವನ ತಲೆ ಹೊಕ್ಕಿತು. ವೈಶಾಖದ ನಡುಮಧ್ಯಾಹ್ನ ಎಲ್ಲರೂ ಬೇವಿನ ನೆರಳು ಹುಡುಕಿ ಮಲಗಿದಾಗ ಇವನು ಹಳೆಯ ಗೋಡೆಗಳ ಮೇಲೆ ಅಂಗೈ ಇಟ್ಟು ತಿರುಗುತ್ತಿದ್ದ. ಎಲ್ಲಿ ಉದ್ದ ಹೆಚ್ಚೋ ಅಲ್ಲಿ ಮೂಲೆ ಸೀಳಿದ್ದು, ನಡು ಉಬ್ಬಿದ್ದು ಕಂಡ. ಇನ್ನು ಸಿರುಗುಪ್ಪದ ಎರೆ ಭೂಮಿಯಲ್ಲಂತೂ ಗೋಡೆಯ ಜೊತೆ ನೆಲವೂ ಆಡುತ್ತಿತ್ತು. ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕೈ ಇಳಿಯುವಷ್ಟು ಬಾಯಿ ಬಿಡುವ ಮಣ್ಣು ಅದು. ಅಂಥ ನೆಲದ ಮೇಲೆ ಬಿಗಿದು ಕಟ್ಟುವುದೆಂದರೆ ತುಂಬಿದ ಬಸುರಿಗೆ ಎಳೆ ಹುಡುಗಿಯ ಕುಪ್ಪಸ ತೊಡಿಸಿದಂತೆ ಅನ್ನುತ್ತಿದ್ದ.

ತಾನು ಕಟ್ಟಿದ ಗೋಡೆಗಳೆಂದರೆ ಅವನಿಗೆ ಬೀಗರಿದ್ದಂತೆ. ಹೆಂಡತಿ ಹನುಮಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಕಾಯುವವರಿಲ್ಲದೆ ಅದು ಇನ್ನೂ ಹೆಚ್ಚಿತು. ಹೋಳಿ ಹುಣ್ಣಿಮೆ ಕಳೆದೊಡನೆ ಬುತ್ತಿ ಕಟ್ಟಿಕೊಂಡು ಊರೂರು ನಡೆದು, ತಾನು ಬಿಟ್ಟ ಸಂದುಗಳ ಹಳೆಯ ಮಣ್ಣು ಕೆರೆದು ಹೊಸದು ತುಂಬಿ ಬರುತ್ತಿದ್ದ. ಯಾರೂ ಕರೆಯುತ್ತಿರಲಿಲ್ಲ, ಕೂಲಿಯೂ ಇಲ್ಲ. "ನಾ ಕಟ್ಟಿದ ಗ್ವಾಡಿ ಬಿದ್ದ ದಿನ ನಾ ಕರಣಿ ಹಿಡಿಯಾಂಗಿಲ್ಲ" ಎಂದು ಎದೆ ತಟ್ಟಿ ಹೇಳುವಷ್ಟು ಸೊಕ್ಕೂ ಇತ್ತು. ಆ ಸೊಕ್ಕಿಗೆ ಇಂಬಿತ್ತು. ಅಲ್ಲಿಯ ತನಕ ಅವನ ಒಂದು ಗೋಡೆಯೂ ಬಿದ್ದಿರಲಿಲ್ಲ.

ದೊಡ್ಡ ಯುದ್ಧದ ವರ್ಷಗಳಲ್ಲಿ ಸಿರುಗುಪ್ಪದ ಹತ್ತಿ ವ್ಯಾಪಾರಿ ಚಿದಾನಂದಪ್ಪ ಗೋದಾಮು ಕಟ್ಟಿಸಲು ಅವನನ್ನು ಕರೆಸಿದ. ಪಡುವಣಕ್ಕೆ ಮುಖ ಮಾಡಿದ ಹಿಂಗೋಡೆಯೇ ಎಲ್ಲಕ್ಕಿಂತ ಉದ್ದ. ಉಚ್ಚೆಂಗೆಪ್ಪ ಅದರ ನಡುವೆ ದಾರ ಹಿಡಿದು ಸಂದಿನ ಗುರುತು ಹಾಕುವುದನ್ನು ಚಿದಾನಂದಪ್ಪ ಕೊಡೆಯ ನೆರಳಲ್ಲಿ ನಿಂತು ನೋಡಿದ.

"ಏನಲೇ ಇದು? ಕಳ್ಳರಿಗೆ ಬಾಗಿಲು ಇಡ್ತೀಯೇನು? ಕೊಕ್ಕಿ ಹಾಕಿ ಹತ್ತಿ ಎಳಕೊಂಡು ಹೋಗ್ಲಿ ಅಂತ?"

"ಧಣೀ, ಇದು ಬಿಡದಿದ್ದರ ಗ್ವಾಡಿ ತಾನಾ ಬಾಗಿಲು ಮಾಡ್ಕೊಂತೈತಿ. ಅದು ಎಲ್ಲಿ ಮಾಡ್ಕೊಂತೈತಂತ ನಮ್ಮನ್ನ ಕೇಳಾಂಗಿಲ್ಲ."

"ಮಾತು ಬಲ್ಲಿ ನೀನು. ನನ್ನ ಹತ್ತಿಗೆ ಯಾರು ಹೊಣಿ?"

ಉಚ್ಚೆಂಗೆಪ್ಪ ಒಂದು ಉಪಾಯ ಹೇಳಿದ. ಕಾವಲುಗಾರನ ಕೋಣೆಯನ್ನು ಇದೇ ಗೋಡೆಗೆ ಹೊರಗಿನಿಂದ ಆನಿಸಿ, ಸಂದು ಕೋಣೆಯ ಒಳಗೆ ಬರುವಂತೆ ಕಟ್ಟುವುದು. ಹಗಲೂ ಇರುಳೂ ಕಾವಲುಗಾರ ಮಲಗಿ ಏಳುವ ಜಾಗಕ್ಕೆ ಯಾವ ಕಳ್ಳ ಬಂದಾನು? ಚಿದಾನಂದಪ್ಪ ಒಪ್ಪಿದ. ನಂಬಿಗಸ್ತ ಕಾವಲುಗಾರ ಬೇಕೆಂದಾಗ ಉಚ್ಚೆಂಗೆಪ್ಪನೇ ತನ್ನ ಅಳಿಯ ದುರುಗಪ್ಪನನ್ನು ತಂದು ನಿಲ್ಲಿಸಿದ. ಹೀಗೆ ಅವನ ಒಬ್ಬಳೇ ಮಗಳು ಸುಂಕಮ್ಮ ಅಪ್ಪ ಕಟ್ಟಿದ ಗೋಡೆಗೆ ಬೆನ್ನು ಕೊಟ್ಟು ಸಂಸಾರ ಹೂಡಿದಳು. ಅಪ್ಪ ಬಿಟ್ಟ ಸಂದು ಅವಳ ಅಡಿಗೆ ಒಲೆಗೂ ಹಾಸಿಗೆಗೂ ನಡುವೆ ನೆಟ್ಟಗೆ ನಿಂತಿತ್ತು.

ಪ್ರತಿ ವರ್ಷ ಹೋಳಿಯ ನಂತರ ಅಪ್ಪ ಬರುವುದೇ ಅವಳಿಗೆ ಹಬ್ಬ. ಅಪ್ಪ ಮಣ್ಣು ತುಳಿಯುತ್ತಿದ್ದ, ಮಗಳು ಬೇವು ಅರೆಯುತ್ತಿದ್ದಳು. "ನಮ್ಮಪ್ಪ ಮಗಳನ್ನ ನೋಡಾಕ ಬರಾಂಗಿಲ್ಲ, ಗ್ವಾಡಿ ನೋಡಾಕ ಬರ್ತಾನ" ಎಂದು ನೆರೆಹೊರೆಯ ಹೆಂಗಸರಿಗೆ ಹೇಳಿ ನಗಿಸುತ್ತಿದ್ದಳು.

ಬಿಳಿಯರು ಹೋದ ಮರುವರ್ಷ, ಹೊಳೆಯಾಚೆಯ ನಿಜಾಮನ ಸೀಮೆಯಲ್ಲಿ ರಜಾಕಾರರ ಹಾವಳಿ ಎದ್ದಿತು. ಗಂಟುಮೂಟೆ ಹೊತ್ತ ಜನ ತುಂಗಭದ್ರೆ ದಾಟಿ ಈಚೆ ಬರುತ್ತಿದ್ದರು. ಅವರಿಗೆ ನೆರಳಿಗೊಂದು ಚಪ್ಪರ, ಒಲೆಗೋಡೆ ಕಟ್ಟುವ ಕೆಲಸಕ್ಕೆ ಸರಕಾರದವರು ಬಳ್ಳಾರಿಯ ಮೇಸ್ತ್ರಿಗಳನ್ನೆಲ್ಲ ಕರೆದರು. ಆ ವರ್ಷ ಹೋಳಿ ಹೋಯಿತು, ಯುಗಾದಿ ಹೋಯಿತು, ಉಚ್ಚೆಂಗೆಪ್ಪ ಸಿರುಗುಪ್ಪದ ದಾರಿ ಹಿಡಿಯಲಿಲ್ಲ. ಒಂದು ವರ್ಷ ತಪ್ಪಿದರೆ ಗೋಡೆ ಬೀಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗೋಡೆಯೂ ಬೀಳಲಿಲ್ಲ. ಹಳೆಯ ಮಣ್ಣು ಮಾತ್ರ, ಬಿಸಿಲಿಗೆ ಹಿಗ್ಗಿದ ಗೋಡೆ ಒತ್ತಿ ಒತ್ತಿ, ಹೊರಗೆ ಉದುರಿತು, ಬೇವಿನ ಕಹಿ ಆರಿತು, ಸಂದು ಬರಿದಾಯಿತು.

ಸುಂಕಮ್ಮನ ಮೊದಲ ಕೂಸು ಹುಲುಗಮ್ಮ ಆಗ ಗೋಡೆ ಹಿಡಿದು ಹೆಜ್ಜೆ ಇಡುವ ವಯಸ್ಸಿನದು. ಒಂದು ದಿನ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಕೂಸು ಗೋಡೆ ಹಿಡಿದು ನಡೆಯುತ್ತ ಬಂದು, ಸಂದು ಸಿಕ್ಕಾಗ ಒಳಗೆ ಕೈ ಇಳಿಸಿತು. ದೊಡ್ಡವರ ಎರಡು ಬೆರಳು ಹಿಡಿಯುವ ಸಂದು ಕೂಸಿನ ಕೈಗೆ ಸರಿಯಾಗಿತ್ತು. ಒಳಗೆ ಕೆಂಚೇಳು ಇತ್ತು. ಊರಲ್ಲಿದ್ದ ಔಷಧವೆಲ್ಲ ಆಯಿತು, ಮಂತ್ರವೆಲ್ಲ ಆಯಿತು. ಹೊತ್ತು ಮುಳುಗುವ ಮುಂಚೆ ಮಗುವಿನ ಬಾಯಲ್ಲಿ ನೊರೆ ನಿಂತಿತು.

ಸುದ್ದಿ ಕೇಳಿ ಉಚ್ಚೆಂಗೆಪ್ಪ ಬಂದಾಗ ಮಣ್ಣು ಮಾಡಿ ಆಗಿತ್ತು. ಸುಂಕಮ್ಮ ಅಳುವುದನ್ನು ನಿಲ್ಲಿಸಿದ್ದಳು. ಅಪ್ಪನ ಮುಖವನ್ನು ನೋಡದೆ ಗೋಡೆಯ ಕಡೆಗೆ ಕೈ ಮಾಡಿದಳು.

"ನಿನ್ನ ಸಂದು ನನ್ನ ಕೂಸನ್ನ ತಿಂತು ಯಪ್ಪಾ."

ದುರುಗಪ್ಪ ಹೆಂಡತಿಯನ್ನು ಗದರಿದ. "ಸುಮ್ಕಿರಲೇ. ಮಾವ ಏನು ಚೇಳು ಸಾಕಿದ್ದನೇನು?"

"ಸಾಕಿದಾಂವ ಅಲ್ಲ. ಅದಕ್ಕ ಮನಿ ಕಟ್ಟಿ ಕೊಟ್ಟಾಂವ" ಎಂದಳು ಸುಂಕಮ್ಮ.

ಹೆಂಡತಿ ಸತ್ತಾಗಲೂ ಬಾಗದ ಉಚ್ಚೆಂಗೆಪ್ಪನ ಬೆನ್ನು ಅಂದು ಬಾಗಿತು. ಬರಿ ಸಂದನ್ನು ನೋಡಿದ. ಆ ವರ್ಷ ಒಮ್ಮೆ ಬಂದು ಹೋಗಿದ್ದರೆ ಒಳಗೆ ಬೇವು ಇರುತ್ತಿತ್ತು. ಅದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಮರುವಾರ ಕೌಲ್ ಬಜಾರಿನಿಂದ ಒಂದು ಚೀಲ ಸಿಮೆಂಟು ಹೊರಿಸಿಕೊಂಡು ಬಂದ. ಸಿಮೆಂಟು ಅವನಿಗೆ ಹೊಸ ನೆಂಟ. ಯುದ್ಧದ ಕಾಲದಲ್ಲಿ ದಂಡಿನ ಬಾರಕುಗಳ ಕೆಲಸದಲ್ಲಿ ಅದನ್ನು ದೂರದಿಂದ ನೋಡಿದ್ದ. ಕಲ್ಲಿನಂತಾಗುತ್ತದೆ ಅನ್ನುವಷ್ಟೇ ತಿಳಿದಿತ್ತು. ಅವನು ಜೀವಮಾನವೆಲ್ಲ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಗಾರೆ ಮುದುಕಿಯಂತೆ, ಗೊಣಗುತ್ತ ಗೊಣಗುತ್ತ ಹೊಂದಿಕೊಳ್ಳುತ್ತದೆ.

"ಮಾವ, ಇದು ಒತ್ತಿದರ ಸರೀತೈತೇನು?" ಎಂದು ದುರುಗಪ್ಪ ಕೇಳಿದ.

"ಸರಿಯಾಂಗಿಲ್ಲ."

"ಮತ್ತ?"

"ಆಳೆತ್ತರ ಅಷ್ಟ ಮುಚ್ತೀನಿ. ಮ್ಯಾಲ ಬಯಲು ಐತಿ. ಗ್ವಾಡಿ ಮ್ಯಾಲಿಂದ ಉಸರಾಡ್ಲಿ."

ಹೇಳಿದಾಗ ಅವನಿಗೇ ಆ ಮಾತು ನಂಬುವಂಥದೆನಿಸಿತು. ನಂಬಬೇಕಾಗಿದ್ದವನಿಗೆ ಹುಲ್ಲುಕಡ್ಡಿಯೂ ತೊಲೆ. ಸಂದಿನ ಒಳಗೆ ಉದ್ದ ಕಡ್ಡಿಯಿಂದ ಜಡಿದು ಜಡಿದು, ಸೂಜಿ ಇಳಿಯದಂತೆ ತುಂಬಿ, ಮೇಲೆ ಕರಣೆಯಿಂದ ತೀಡಿ ನುಣುಪು ಮಾಡಿದ. ಸುಂಕಮ್ಮ ಬಂದು ಅದರ ಮೇಲೆ ಮೇಲಿನಿಂದ ಕೆಳಗೆ ಅಂಗೈ ಆಡಿಸಿದಳು. ಎಲ್ಲಿಯೂ ಬೆರಳು ತಡೆಯಲಿಲ್ಲ. ಆಮೇಲೆ ಒಲೆ ಹೊತ್ತಿಸಿ ಅಪ್ಪನಿಗೆ ರೊಟ್ಟಿ ಬಡಿದಳು. ಕೂಸು ಹೋದ ಮೇಲೆ ಅವನಿಗೆ ಅವಳು ಬಡಿಸಿದ ಮೊದಲ ಊಟ ಅದು.

ಮೊದಲ ಬೇಸಿಗೆ ಗೋಡೆ ತಡೆದುಕೊಂಡಿತು. ಮತ್ತೊಂದು ಬೇಸಿಗೆಯೂ ಕಳೆಯಿತು. ಸುಂಕಮ್ಮನಿಗೆ ಗಂಡು ಮಗು ಹುಟ್ಟಿತು. ಅದನ್ನು ಅವಳು ಹೆದರದೆ ನೆಲಕ್ಕೆ ಬಿಡುತ್ತಿದ್ದಳು. ಹೋಳಿಯಾದ ಮೇಲೆ ಬರುವ ಅಪ್ಪ ಮೊಮ್ಮಗನನ್ನು ಎತ್ತಿಕೊಳ್ಳುವ ಮೊದಲು ಗೋಡೆಯ ಮೇಲೆ ಕೈ ಇಡುವುದನ್ನು ಕಂಡರೂ ಕಾಣದಂತೆ ಇರುತ್ತಿದ್ದಳು.

ಅದಾದ ಮೇಲಿನ ವರ್ಷ ಮಳೆ ಜಾಸ್ತಿಯಾಗಿ ಎರೆ ನೆಲ ಉಬ್ಬಿ ನಿಂತಿತ್ತು. ಹಿಂದೆಯೇ ಬಂದ ಬೇಸಿಗೆ ಕೆಂಡದಂಥದು. ಉಬ್ಬಿದ ನೆಲ ಒಮ್ಮೆಗೇ ಒಣಗಿ ಬಾಯಿ ಬಿಟ್ಟಿತು. ಹೋಳಿಗೆ ಜ್ವರ ಹಿಡಿದು ಮಲಗಿದ್ದ ಉಚ್ಚೆಂಗೆಪ್ಪ ಸಿರುಗುಪ್ಪಕ್ಕೆ ಬರುವಷ್ಟರಲ್ಲಿ ವೈಶಾಖ ಬಂದಿತ್ತು. ಗೋದಾಮಿನ ಹಿಂದೆ ಬಂದವನು ನಿಂತಲ್ಲೇ ನಿಂತ. ಗೋಡೆಯ ಬುಡದಲ್ಲಿ ಹಿಟ್ಟು ಚೆಲ್ಲಿದಂತೆ ಗಾರೆಯ ಪುಡಿ ಬಿದ್ದಿತ್ತು. ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ನೆತ್ತಿಯಿಂದ ಇಳಿಬಿಟ್ಟ. ಕೆಳಗೂ ಮೇಲೂ ದಾರ ಗೋಡೆಯಿಂದ ದೂರ ನಿಂತಿತ್ತು. ಆಳೆತ್ತರದಲ್ಲಿ, ಒಳಗೆ ಸಿಮೆಂಟು ಮುಗಿದು ಬಯಲು ಸಂದು ತೊಡಗುವ ಮಟ್ಟಕ್ಕೆ, ಗೋಡೆಯ ಹೊಟ್ಟೆಗೆ ಒತ್ತಿ ಬಾಗಿತ್ತು.

ಎರಡೂ ಕಡೆಯಿಂದ ಹಿಗ್ಗಿ ಬಂದ ಗೋಡೆಗೆ ನಡುವೆ ಜಾಗ ಸಿಕ್ಕಿರಲಿಲ್ಲ. ಮೇಲಿನ ಬಯಲು ಮೇಲಿನದಕ್ಕಷ್ಟೇ ಆಗಿತ್ತು.

ದುರುಗಪ್ಪ ಅಂದು ಹತ್ತಿಬೀಜದ ಬಂಡಿಗಳ ಜೊತೆ ತೆಕ್ಕಲಕೋಟೆಗೆ ಹೋಗಿದ್ದ. ಒಳಗೆ ಸುಂಕಮ್ಮ ಗೋಡೆಗೆ ಒರಗಿ ಮಗನಿಗೆ ಹಾಲೂಡಿಸುತ್ತಿದ್ದಳು.

"ಸುಂಕವ್ವ, ಕೂಸನ್ನ ಎತ್ಕೊ. ಹೊರಗ ಬಾ."

"ಈ ಬಿಸಲಾಗ ಎಲ್ಲಿಗಿ? ನೀನ ಒಳಗ ಬಾ. ನೀರು ಕುಡಿ."

"ಗ್ವಾಡಿ ಕೆಟ್ಟೈತಿ. ಸಿಮೆಂಟು ಒಡೀಬೇಕು."

ಸುಂಕಮ್ಮ ಮಗನನ್ನು ಎದೆಗೆ ಒತ್ತಿಕೊಂಡಳು. "ಏನಂದಿ?"

"ಸಂದು ತೆಗೀಬೇಕವ್ವಾ. ಇವತ್ತ ತೆಗೀಬೇಕು."

"ಒಂದನ್ನ ಕೊಟ್ಟು ಮುಚ್ಚಿಸ್ಕೊಂಡೀನಿ. ಈಗ ಇದನ್ನೂ ಕೊಟ್ಟು ತೆಗಸ್ಕೊಬೇಕೇನು? ನಿನಗ ಮಗಳು ಹೆಚ್ಚೋ, ನಿನ್ನ ಗ್ವಾಡಿ ಹೆಚ್ಚೋ?"

ಗೋಡೆ ಬೀಳುತ್ತದೆಂದರೆ ಸಂದು ತೆಗೆಯುವ ನೆಪ ಅಂದಾಳು, ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಕಾಲು ಹಿಡಿದು ಬೇಡಿದರೂ ಅವಳು ಕೂತಲ್ಲಿಂದ ಏಳುವವಳಲ್ಲವೆಂದು ಅವನಿಗೆ ಗೊತ್ತಿತ್ತು. ಹಟದಲ್ಲಿ ಅವನದೇ ಅಚ್ಚು. ಅವನು ಚೀಲದಿಂದ ಉಳಿ ಸುತ್ತಿಗೆ ತೆಗೆದ.

"ಗ್ವಾಡಿನ ಹೆಚ್ಚು" ಎಂದ. "ಇದು ನಾ ಕಟ್ಟಿದ್ದು. ನಿನ್ನನ್ನ ಕೇಳಿ ಒಡೀಬೇಕಾಗಿಲ್ಲ. ಹೋಗು, ಯಾರಿಗೆ ಹೇಳ್ತಿ ಹೇಳು."

ಸುಂಕಮ್ಮ ಮಗನನ್ನು ಸೊಂಟಕ್ಕೇರಿಸಿಕೊಂಡು, ಸೆರಗನ್ನು ಅವನ ತಲೆಗೆ ಮುಚ್ಚಿ, ಬಾಗಿಲು ದಾಟಿದಳು. "ಧಣಿಗೆ ಹೇಳ್ತೀನಿ. ಮುದುಕಗ ಹುಚ್ಚು ಹಿಡದೈತಂತ ಹೇಳ್ತೀನಿ" ಎನ್ನುತ್ತ ಬಿಸಿಲಲ್ಲಿ ದಾಪುಗಾಲು ಹಾಕಿ ನಡೆದಳು.

ಅವಳ ಬೆನ್ನು ಬೇವಿನ ಮರ ದಾಟುವ ತನಕ ಉಚ್ಚೆಂಗೆಪ್ಪ ಉಳಿ ಊರಲಿಲ್ಲ. ಆಮೇಲೆ ಒಳಗೆ ಹೋಗಿ ಸಿಮೆಂಟಿನ ನೆತ್ತಿಗೆ ಉಳಿ ಇಟ್ಟು ಬಡಿಯತೊಡಗಿದ. ಅವನೂ ಅಲ್ಲಿಂದ ಎದ್ದು ಹೋಗಬಹುದಿತ್ತು. ಆದರೆ ಇನ್ನೂ ನಿಂತಿದ್ದ ಗೋಡೆಯನ್ನು ಬಿಟ್ಟು ಹೋಗುವುದು ಅವನಿಗೆ ಗೊತ್ತಿರಲಿಲ್ಲ. ತಾನೇ ಜಡಿದ ಸಿಮೆಂಟು ತನ್ನ ಉಳಿಗೆ ಬಗ್ಗಲಿಲ್ಲ. ಕಿಡಿ ಹಾರಿತು, ಚಕ್ಕೆ ಏಳಲಿಲ್ಲ. ಒಂದು ಗೇಣು ಬಿಡಿಸಿದ್ದಾಗ ಒಳಗಿನಿಂದ ಬಂಡಿ ಗಾಲಿ ಹೊರಳಿದಂಥ ಸದ್ದು ಬಂತು. ಅವನು ಬಾಗಿಲಿಗೆ ಹಾರಿದ. ಮೈ ಹೊರಗೆ ಬಂತು. ಬಲಗೈ ಬರಲಿಲ್ಲ.

ಚಿದಾನಂದಪ್ಪನ ಆಳುಗಳು ಇಟ್ಟಿಗೆ ಸರಿಸಿ ಎಳೆದು ತೆಗೆದರು. ಬಂಡಿಯಲ್ಲಿ ಬಳ್ಳಾರಿಗೆ ಸಾಗಿಸಿದರು. ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ಏನೂ ಉಳಿಯಲಿಲ್ಲ.

ಬಂಡಿ ಹೂಡುತ್ತಿದ್ದಾಗ ಚಿದಾನಂದಪ್ಪ ನೆರೆದವರೆಲ್ಲ ಕೇಳುವಂತೆ ಹೇಳಿದ್ದ: "ಕಟ್ಟೋ ದಿನಾನ ಹೇಳಿದ್ನೆಪಾ. ನಡುವ ಸೀಳಿದ ಗ್ವಾಡಿ ಎಷ್ಟು ದಿನ ನಿಂತೀತು?" ಆ ಮಾತು ಉಚ್ಚೆಂಗೆಪ್ಪನಿಗಿಂತ ಮೊದಲು ಬಳ್ಳಾರಿ ಮುಟ್ಟಿತು, ಅವನಿಗಿಂತ ಮೊದಲು ಕುರುಗೋಡು ಸೇರಿತು. ಗೋದಾಮು ಹೋದ ಮೇಲೆ ಕಾವಲೂ ಹೋಯಿತು. ದುರುಗಪ್ಪ ಹೆಂಡತಿ ಮಗನನ್ನು ಕರೆದುಕೊಂಡು ಮಾವನ ಮನೆಗೆ ಬಂದ.

ಒಂದು ದಿನ ಅಯ್ಯಣ್ಣ ನೋಡಲು ಬಂದ. ತುಂಬಾ ಹೊತ್ತು ಮಳೆ ಬೆಳೆ ಮಾತಾಡಿದ. ಕೊನೆಗೆ ತಲೆ ತಗ್ಗಿಸಿಕೊಂಡೇ ಕೇಳಿದ.

"ನಿನ್ನ ಮುಂದ ನಗತಿದ್ದೆ, ಖರೆ. ಹಿಂದಿಂದ ನಾನೂ ಸಂದು ಬಿಡಾಕ ಚಾಲು ಮಾಡಿದ್ದೆ ಉಚ್ಚೆಂಗೆಪ್ಪ. ಈಗ ಮಂದಿ ಕೇಳ್ತಾರ, ನನಗ ಬಾಯಿ ಬರಾಂಗಿಲ್ಲ. ಗ್ವಾಡಿ ಸಂದಿಂದನ ಬಿತ್ತೇನು?"

ಒಳಗೆ ಸುಂಕಮ್ಮ ಬೀಸುಕಲ್ಲು ನಿಲ್ಲಿಸಿದಳು.

"ಸಂದಿಂದನ ಬಿತ್ತು" ಎಂದ ಉಚ್ಚೆಂಗೆಪ್ಪ.

"ಹಂಗಾದ್ರ ಬಿಡಬಾರದಂತೀ?"

ಉಚ್ಚೆಂಗೆಪ್ಪ ಅಂಗಳದ ಬಿಸಿಲು ನೋಡುತ್ತ ಕೂತ. ಅಯ್ಯಣ್ಣ ಕಾದ. ಕಾದು ಕಾದು ಎದ್ದ, ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಬೇಸಿಗೆಯ ನಂತರ ಬಳ್ಳಾರಿ ಸುತ್ತ ಸಂದು ಬಿಟ್ಟು ಕಟ್ಟುವವರು ಯಾರೂ ಉಳಿಯಲಿಲ್ಲ.

ಸುಂಕಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಯಾಕ ಹೇಳಲಿಲ್ಲ? ಮಗಳು ಮುಚ್ಚಿಸಿದ್ಲು, ಅದಕ್ಕ ಬಿತ್ತು ಅಂತ ಹೇಳಬೇಕಿತ್ತು."

"ನೀ ಮುಚ್ಚಿದ್ದೇನು? ಕರಣಿ ಯಾರ ಕೈಯಾಗಿತ್ತು?"

"ನಿನ್ನ ಹೆಸರು ಹೋತಲ್ಲ ಯಪ್ಪಾ."

"ಹೆಸರು ಇದ್ದಿದ್ದು ಆ ಕೈಗೆ. ಅದರ ಬೆನ್ನ ಹತ್ತಿ ಹೋತು." ಮತ್ತೆ ಹೇಳಿದ: "ಹೇಳಿದ್ರ ಮಂದಿ ಏನಂತಾರ? ಕೂಸನ್ನ ನುಂಗಿದಾಕಿ ಅಪ್ಪನ ಕೈನೂ ನುಂಗಿದ್ಲು ಅಂತಾರ. ನಾ ಇವತ್ತೋ ನಾಳಿಗೋ. ನೀ ಬಾವ್ಯಾಗ ನೀರು ಸೇದಾಕ ಹೋಗಾಕಿ, ಆ ಹೆಂಗಸರ ನಡುವ ದಿನಾ ನಿಂದ್ರಬೇಕು."

ಸುಂಕಮ್ಮ ಕಂಬಕ್ಕೆ ಒರಗಿ ನಿಂತಳು. "ಅವತ್ತು ಗ್ವಾಡಿನ ಹೆಚ್ಚು ಅಂದಿ."

"ಅಂದ್ರನ ನೀ ಹೊರಗ ಹೋದಿ."

ಅದಕ್ಕಿಂತ ಹೆಚ್ಚು ಆ ವಿಷಯ ಅಪ್ಪ ಮಗಳ ನಡುವೆ ಬರಲಿಲ್ಲ.

ಮುಂದಿನ ವರ್ಷ ಮಳೆಗಾಲದ ಮುಂಚೆ ದುರುಗಪ್ಪ ಮಾವನ ಮನೆಗೆ ಹಿತ್ತಲ ಕಡೆ ಒಂದು ಸಣ್ಣ ಕೋಣೆ ಕಟ್ಟಲು ನಿಂತ. ಉಚ್ಚೆಂಗೆಪ್ಪ ಕಲ್ಲಿನ ಮೇಲೆ ಕೂತು ಬಾಯಲ್ಲೇ ಕೆಲಸ ಹೇಳುತ್ತಿದ್ದ. ನಡುವೆ ಸುಂಕಮ್ಮ ಬಂದು ಗೋಡೆಯ ಮೇಲೆ ಎರಡು ಬೆರಳು ಇಟ್ಟಳು.

"ಇಲ್ಲಿ ಸಂದು ಬಿಡು" ಎಂದಳು ಗಂಡನಿಗೆ.

"ಬ್ಯಾಡವ್ವಾ" ಎಂದ ಅಪ್ಪ. "ಸಣ್ಣ ಗ್ವಾಡಿ. ಇದಕ್ಕ ಬೇಕಾಗಿಲ್ಲ."

"ಬಿಡ್ಲಿ."

"ಚೇಳು ಬರ್ತಾವ."

"ವರ್ಷಾ ಬೇವು ತುಂಬ್ತೀನಿ. ತಪ್ಪಸಾಂಗಿಲ್ಲ."

ದುರುಗಪ್ಪ ಕರಣೆ ಹಿಡಿದು ಮಾವನ ಮುಖ ನೋಡಿದ. ಮಾವ ಕಲ್ಲಿನ ಮೇಲಿನಿಂದ ಎದ್ದು ಕೆಮ್ಮಣ್ಣು ಇದ್ದ ಕಡೆ ನಡೆದ. ದುರುಗಪ್ಪ ಸಂದು ಬಿಟ್ಟೇ ಕಟ್ಟಿದ. ದಾರಿಹೋಕರು ನೋಡಿ, ಒಂದು ಕೈ ಹೋದರೂ ಮುದುಕನ ಚಟ ಹೋಗಲಿಲ್ಲ ಅಂದುಕೊಂಡರು. ಉಚ್ಚೆಂಗೆಪ್ಪ ಎಡಗೈಯಲ್ಲಿ ಕಂಬ ಹಿಡಿದು ನಿಂತು ಕೆಮ್ಮಣ್ಣು ತುಳಿದ. ಕಾಲುಗಳಿಗೆ ಹದ ಮರೆತಿರಲಿಲ್ಲ. ಸುಂಕಮ್ಮ ಬೇವು ಅರೆದು ಸುರಿದಳು, ಉಂಡೆ ಮಾಡಿ ಸಂದಿಗೆ ತುಂಬಿದಳು.

ಮರುವರ್ಷದ ಬಿಸಿಲಿಗೆ ಗೋಡೆ ಒತ್ತಿ ಆ ಮಣ್ಣು ಹೊರಗೆ ಬರಲಿಲ್ಲ. ಅಪ್ಪ ಹೇಳಿದಂತೆ ಗೋಡೆ ಅಷ್ಟು ಉದ್ದವಿರಲಿಲ್ಲ. ಆದರೂ ಹೋಳಿ ಕಳೆದ ಮೇಲೆ ಸುಂಕಮ್ಮ ಅದನ್ನೆಲ್ಲ ಕೆರೆದು ತೆಗೆದು ಹೊಸ ಮಣ್ಣು ಕಲಸಿದಳು. ಆ ಸಲ ಸೀರೆ ಎತ್ತಿ ಕಟ್ಟಿ ಮಣ್ಣು ತುಳಿದವಳೂ ಅವಳೇ. ಅಪ್ಪನನ್ನು ಗುಡ್ಡದ ಬುಡದಲ್ಲಿ ಮಣ್ಣಿಗಿಟ್ಟು ಆಗಲೇ ಒಂದು ಮಳೆಗಾಲ ಕಳೆದಿತ್ತು.